ಓರೆಯಾಗಿ ಕೊಯ್ದ ಕೊಳವೆ

ಫೆಬ್ರವರಿ 9

ಗುಡುಗಿಗೆ,

ಸಂಜೆ ಐದೂಕಾಲು. ಇವತ್ತು ಔಷಧದಂಗಡಿಯವರ ಕಪಾಟಿಗೆ ಗಾಜಿನ ಬಾಗಿಲು ಕೂರಿಸಿ ಬಂದೆ. ಒಂದು ಕೀಲು ಬಿಗಿಯಾಗಿತ್ತು, ಬಿಚ್ಚಿ ಮತ್ತೆ ಹಾಕಿದೆ. ಬೇರೆ ಕೆಲಸವಿಲ್ಲ.

ನನ್ನ ದಿನಚರಿ ಪುಸ್ತಕದಲ್ಲಿ ದಿನಾ ಹೀಗೆಯೇ ಬರೆಯುವುದು. ಮೊದಲು ಗಂಟೆ, ಆಮೇಲೆ ಆ ದಿನದ ಕೆಲಸ. ಪತ್ರವನ್ನು ಬೇರೆ ರೀತಿ ಶುರು ಮಾಡಲು ನನಗೆ ಬಾರದು. ಏಳನೇ ತರಗತಿಯವರೆಗೆ ಓದಿದವನು. ತಪ್ಪಿದ್ದರೆ ನೋಡಿಕೋ.

ಇನ್ನು ನಮ್ಮ ಮನೆಗೆ ಕಾಲಿಡಬೇಡ ಎಂದು ಗೇಟಿನ ಬಳಿ ನಿನಗೆ ಆ ಮಾತು ಆಡಿ ಎಂಟು ತಿಂಗಳಾಯಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ನನ್ನ ಮಗಳ ಕಾಯಿಲೆ ಅವಳು ಹೋಗುವ ಮೂರು ವಾರ ಮೊದಲೇ ನಿನಗೆ ಗೊತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನೀನು. ಒಂದೇ ಬೀದಿಯಲ್ಲಿ ಬೆಳೆದವಳು, ನನ್ನನ್ನು ಮಾಮ ಎಂದು ಕರೆಯುವವಳು, ನನಗೆ ಒಂದು ಮಾತು ಹೇಳಲಿಲ್ಲ. ಅದು ಹಾಗೇ ಇದೆ. ಈಗ ಬರೆಯುತ್ತಿರುವುದು ಒಂದು ಅಳತೆಗಾಗಿ.

ಕೂಸು ಎರಡು ಸ್ಪೀಕರ್ ಪೆಟ್ಟಿಗೆ ಮಾಡುತ್ತಿದ್ದಳಲ್ಲ, ಅವಳ ಬೇಸ್ ಗಿಟಾರಿಗೆ. ಒಂದು ಮುಗಿದು ನಿನ್ನ ಬಳಿ ಇದೆ. 'ಅದನ್ನೂ ಎತ್ತಿಕೊಂಡು ಹೋಗು' ಎಂದು ಆವತ್ತು ನಾನೇ ಹೇಳಿದ್ದೆ. ಎರಡನೆಯದರ ಹಲಗೆಗಳನ್ನು ಅವಳು ಕೊಯ್ದು ಮೇಜಿನ ಕೆಳಗೆ ಒರಗಿಸಿ ಇಟ್ಟಿದ್ದಳು. ಎಂಟು ತಿಂಗಳು ನಾನು ಆ ಕಡೆ ಕಾಲು ಕೂಡ ಚಾಚಲಿಲ್ಲ. ಹೋದ ವಾರ ಗುಡಿಸುವಾಗ ಒಂದು ಹಲಗೆ ಜಾರಿ ಬಿತ್ತು. ಎತ್ತಿದೆ. ಎತ್ತಿದ ಮೇಲೆ ಮತ್ತೆ ಒರಗಿಸಿಡಲು ಆಗಲಿಲ್ಲ.

ಈಗ ತಪ್ಪು ಹೇಳುತ್ತೇನೆ. ಹಲಗೆಗಳ ಮೇಲೆಲ್ಲ ಅವಳು ಪೆನ್ಸಿಲಿನಲ್ಲಿ ಲೆಕ್ಕ ಬರೆದಿದ್ದಳು. ನಾನು ಕೆಲಸ ಕಲಿತ ಕಾಲದಿಂದ ನನಗೊಂದು ಅಭ್ಯಾಸ, ಅಂಟು ಹಚ್ಚುವ ಮೊದಲು ಪೆನ್ಸಿಲ್ ಗುರುತೆಲ್ಲ ಉಜ್ಜಿ ತೆಗೆಯುತ್ತೇನೆ. ಗುರುತು ಉಳಿದರೆ ಅದು ಮುಗಿದ ಕೆಲಸವಲ್ಲ ಎಂದು ನನ್ನ ಗುರುಗಳು ಕಿವಿ ಹಿಂಡಿ ಕಲಿಸಿದ್ದರು. ಉಪ್ಪುಕಾಗದ ಕೈಗೆ ಬಂತು, ಐದು ಹಲಗೆ ಉಜ್ಜಿ ಹಾಕಿದೆ. ಆರನೆಯದಕ್ಕೆ ಬಂದಾಗ ಕೈ ನಿಂತಿತು. ಅಷ್ಟು ಹೊತ್ತಿಗೆ ಅವಳ ಕೈಬರಹವೆಲ್ಲ ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು. ಗುಡಿಸಲಿಲ್ಲ. ಇನ್ನೂ ಹಾಗೇ ಇದೆ.

ಪೆಟ್ಟಿಗೆಯ ಮುಂದಿನ ಹಲಗೆಯಿಂದ ಒಳಕ್ಕೆ ಹೋಗುವ ಕೊಳವೆ ಇದೆಯಲ್ಲ, ಅದರ ಉದ್ದ ಆ ಅಳಿಸಿಹೋದದ್ದರಲ್ಲಿತ್ತು. ಬಾಟಲಿಯ ಬಾಯಿಗೆ ಊದಿದ ಹಾಗೆ ಆ ಕೊಳವೆ, ಅದರ ಉದ್ದ ತಪ್ಪಿದರೆ ಗಿಟಾರಿನ ಅತಿ ದಪ್ಪ ತಂತಿಯ ಸದ್ದು ಹೊರಗೆ ಬರುವುದಿಲ್ಲ ಎಂದು ಅವಳು ಹೇಳಿದ್ದು ನೆನಪಿದೆ. ಎಷ್ಟು ಉದ್ದ ಎಂದು ಹೇಳಿದ್ದು ನೆನಪಿಲ್ಲ. ಆಗ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ, ರೇಗುತ್ತಿದ್ದೆ.

ನಿನ್ನ ಬಳಿ ಇರುವ ಪೆಟ್ಟಿಗೆಯ ಕೊಳವೆ ಅಳೆದು ತಿಳಿಸು. ಸ್ಪೀಕರ್ ಬಿಚ್ಚಬೇಡ, ಅವಳು ಬಿಗಿದ ತಿರುಪು ಹಾಗೇ ಇರಲಿ. ಗಟ್ಟಿ ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಒಳಗೆ ಬಿಡು. ಕೊಳವೆಯ ಒಳ ಅಂಚಿಗೆ ಕೊಕ್ಕೆ ಸಿಕ್ಕಿದಾಗ ಈಚೆ ತುದಿಗೆ ಗುರುತು ಹಾಕಿ ಅಳೆ. ಮೇಲೆ, ಕೆಳಗೆ, ಎಡ, ಬಲ, ನಾಲ್ಕು ಕಡೆಯೂ.

ಇಂತಿ,
ಕೂಸಿನ ಅಪ್ಪ

*

ಫೆಬ್ರವರಿ 17

ಮಾಮನಿಗೆ ನಮಸ್ಕಾರ.

ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಕೆಳಗಿನ ಸೈಕಲ್ ರಿಪೇರಿಯವನು 'ಏನಮ್ಮಾ, ಕೋರ್ಟ್ ನೋಟೀಸಾ?' ಎಂದು ಕೇಳಿದ. 'ಅದಕ್ಕಿಂತ ದೊಡ್ಡದು' ಎಂದೆ.

ನೀವು ವಾಪಸು ತೆಗೆದುಕೊಳ್ಳದ ಮಾತಿನ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಅಳತೆ ಕೇಳಿದ್ದೀರಿ, ಅಳತೆ ಕೊಡುತ್ತೇನೆ.

ಇಲ್ಲಿ ನಾನು ಒಂದು ಸಣ್ಣ ಹಾಲ್ ನೋಡಿಕೊಳ್ಳುತ್ತಿದ್ದೇನೆ. ಮೊದಲು ಅಂಗಿ ಹೊಲಿಯುವ ಕಾರ್ಖಾನೆಯಾಗಿತ್ತಂತೆ. ಇನ್ನೂ ನೆಲದ ಸಂದಿನಲ್ಲಿ ಅಂಗಿಯ ಗುಂಡಿಗಳು ಸಿಗುತ್ತವೆ. ಎಪ್ಪತ್ತು ಕುರ್ಚಿ ಹಿಡಿಸುತ್ತದೆ. ಬೆಳಿಗ್ಗೆ ಮಕ್ಕಳಿಗೆ ಡ್ರಮ್ಸ್ ಹೇಳಿಕೊಡುತ್ತೇನೆ, ಮಧ್ಯಾಹ್ನ ಗೋಡೆಗೆ ಬಣ್ಣ. ಜೂನ್ ಒಂದಕ್ಕೆ ಹಾಲ್ ತೆರೆಯುತ್ತದೆ. ಅವಳ ಪೆಟ್ಟಿಗೆ ವೇದಿಕೆಯ ಎಡಗಡೆ ಇದೆ. ಬಲಗಡೆ ಖಾಲಿ. ಅಭ್ಯಾಸದ ಹೊತ್ತಿನಲ್ಲಿ ಎಡಗಡೆ ಕೂತವರಿಗೆ ಎದೆಯೊಳಗೆ ಸದ್ದು ಬಡಿಯುತ್ತದೆ, ಬಲಗಡೆಯವರು ಪಕ್ಕದ ಮನೆಯ ಸಂಗೀತ ಕೇಳಿದ ಹಾಗೆ ಕೂತಿರುತ್ತಾರೆ. ಬಂದು ನುಡಿಸಿದವರೆಲ್ಲ ಕೇಳುವುದು ಒಂದೇ, 'ಇದರ ಜೋಡಿ ಎಲ್ಲಿ?' ಇನ್ನೂ ಬರಬೇಕು ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಹೇಳುತ್ತಿದ್ದೆ.

ಸೈಕಲ್ಲಿನ ಕಡ್ಡಿ ಒಂದನ್ನು ಬಗ್ಗಿಸಿ ನೀವು ಹೇಳಿದ ಹಾಗೆಯೇ ಅಳೆದೆ, ಮೂರು ಸಲ. ಮೇಲೆ ಇಪ್ಪತ್ತೆರಡು ಸೆಂಟಿಮೀಟರ್. ಕೆಳಗೆ ಇಪ್ಪತ್ತೂವರೆ. ಎಡ, ಬಲ ಎರಡೂ ಇಪ್ಪತ್ತೊಂದೂಕಾಲು. ಒಳತುದಿ ಸ್ವಲ್ಪ ಓರೆ ಇದೆ, ಆದರೆ ಸದ್ದಿಗೆ ಏನೂ ಕೊರತೆಯಿಲ್ಲ. ನಡುವಿನ ಅಳತೆ ಇಟ್ಟುಕೊಂಡರೆ ಸಾಕು ಎಂದು ನನಗೆ ಅನಿಸುತ್ತದೆ.

ಒಳಗಿನ ಅಡ್ಡಪಟ್ಟಿಗಳನ್ನು ಮರೆಯಬೇಡಿ. ಹಲಗೆ ನಡುಗಿದರೆ ಸದ್ದು ಕೆಡುತ್ತದೆ. ಅವಳು ಬೆರಳಿನಿಂದ ಬಡಿದು ಬಡಿದು ನೋಡುತ್ತಿದ್ದಳು. 'ಟಕ್ ಅನ್ನಬೇಕು, ಡಬ್ ಅನ್ನಬಾರದು' ಎನ್ನುತ್ತಿದ್ದಳು.

ಜೂನ್ ಒಂದರ ಒಳಗೆ ಆಗುತ್ತದೆಯೇ? ಕೇಳುವ ಹಕ್ಕು ನನಗಿಲ್ಲ. ಕೇಳಿದೆ ಅಷ್ಟೆ.

ಅತ್ತೆಗೆ ನನ್ನ ನಮಸ್ಕಾರ ಹೇಳುತ್ತೀರಾ?

ನಿಮ್ಮ
ಗುಡುಗು

*

ಫೆಬ್ರವರಿ 24

ಗುಡುಗಿಗೆ,

ಬೆಳಿಗ್ಗೆ ಏಳೂವರೆ. ಇನ್ನೂ ಕೆಲಸ ಶುರು ಮಾಡಿಲ್ಲ. ನಿನ್ನೆಯೂ ಮಾಡಲಿಲ್ಲ.

ಅಳತೆ ತಲುಪಿತು. ನಿನ್ನ ನಾಲ್ಕು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ನೋಡಿದೆ. ಹತ್ತು ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ ಒಂದೂವರೆ ಸೆಂಟಿಮೀಟರ್ ಓರೆ ಬಂದಿದೆ. ಅದು ಸ್ವಲ್ಪ ಓರೆಯಲ್ಲ. ಅದು ಕೈ ಬಾರದವರು ಕೊಯ್ದದ್ದು.

ಕೂಸಿಗೆ ಒಂಬತ್ತು ವರ್ಷವಿದ್ದಾಗ ಕೊಳವೆ ಕೊಯ್ಯುವುದನ್ನು ನಾನೇ ಕಲಿಸಿದೆ. ಕಾಗದದ ಪಟ್ಟಿಯನ್ನು ಕೊಳವೆಗೆ ಸುತ್ತಬೇಕು, ಅಂಚಿಗೆ ಅಂಚು ಕೂಡಬೇಕು, ಆ ಅಂಚಿನ ಗುಂಟ ಗೆರೆ ಎಳೆಯಬೇಕು, ಕೊಳವೆ ತಿರುಗಿಸುತ್ತಾ ಸ್ವಲ್ಪ ಸ್ವಲ್ಪವೇ ಗರಗಸ ಆಡಿಸಬೇಕು. ಮೊದಲ ದಿನ ಓರೆ ಬಂತು. 'ಇದೇನು, ಹಲ್ಲಿಲ್ಲದ ಮುದುಕನ ಬಾಯಿ ಇದ್ದಂಗಿದೆ' ಎಂದು ನಾನು ನಕ್ಕದ್ದಕ್ಕೆ ಊಟ ಬಿಟ್ಟಳು. ಮಾರನೆ ದಿನ ಹದಿನಾಲ್ಕು ತುಂಡು ಕೊಯ್ದು ನೆಲದ ಮೇಲೆ ನಿಲ್ಲಿಸಿದಳು. ಹದಿನಾಲ್ಕೂ ನೆಟ್ಟಗೆ ನಿಂತವು. ಅಂದಿನಿಂದ ಅವಳ ಕೈಯಲ್ಲಿ ಓರೆ ಬಂದದ್ದನ್ನು ನಾನು ನೋಡಿಲ್ಲ. ಆ ಪೆಟ್ಟಿಗೆಯ ಮಿಕ್ಕ ಕೆಲಸವನ್ನು ನಾನು ನೋಡಿದ್ದೇನೆ. ಮೂಲೆಗೆ ಕೂದಲೂ ತೂರುವುದಿಲ್ಲ. ಅಂಥವಳು ಇದನ್ನು ಕೊಯ್ಯಲಿಲ್ಲ.

ಯಾರು ಕೊಯ್ದದ್ದು? ಯಾವಾಗ? ಅವಳೇ ಇದ್ದೂ ಬೇರೆಯವರು ಯಾಕೆ ಕೊಯ್ದರು?

ಸುತ್ತಿ ಬಳಸಿ ಬರೆಯಬೇಡ.

ಕೂಸಿನ ಅಪ್ಪ

*

ಏಪ್ರಿಲ್ 2

ಮಾಮ,

ಐದು ವಾರ ತಡ ಮಾಡಿದೆ. ಮೂರು ಪತ್ರ ಬರೆದು ಹರಿದೆ. ಒಂದರಲ್ಲಿ ನಾನೇ ಆಟಕ್ಕೆ ಕೊಯ್ದೆ ಎಂದು ಬರೆದಿದ್ದೆ. ನೀವು ನಂಬುತ್ತಿರಲಿಲ್ಲ.

ನಾನು ಕೊಯ್ದೆ. ಹೋದ ವರ್ಷ ಮಾರ್ಚ್ ಹನ್ನೊಂದು. ನೀವು ಶಾಲೆಯ ಬೀರುಗಳನ್ನು ಕೂರಿಸಲು ಹೋಗಿದ್ದಿರಿ, ಅತ್ತೆ ತಂಗಿಯ ಮನೆಯಲ್ಲಿದ್ದರು. ಅವಳು ಕಾಗದ ಸುತ್ತಿ ಗೆರೆ ಎಳೆದಳು. ಗೆರೆ ನೆಟ್ಟಗೇ ಇತ್ತು. ಗರಗಸ ಹಿಡಿದಳು, ಎರಡು ಸಲ ಆಡಿಸಿದಳು, ಕೆಳಗಿಟ್ಟಳು. ಬೆರಳು ಮಡಚಲು ಬರುತ್ತಿರಲಿಲ್ಲ. ಬಣ್ಣದ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತು 'ನೀನು ಕೊಯ್ಯಿ, ನಾನು ಮೇಸ್ತ್ರಿ' ಎಂದಳು.

'ಬಲಕ್ಕೆ ಹೋಗ್ತಿದೀಯ.'

'ನಾನಲ್ಲ, ಗರಗಸ ಹೋಗ್ತಿದೆ.'

'ಹಾಗಾದ್ರೆ ಗರಗಸಕ್ಕೇ ಬುದ್ಧಿ ಹೇಳು. ಅಯ್ಯೋ ಗುಡುಗು, ಅಪ್ಪ ನೋಡಿದ್ರೆ ನಿನ್ನನ್ನೇ ಎರಡು ತುಂಡು ಮಾಡ್ತಾರೆ.'

ಇನ್ನೊಂದು ಕೊಳವೆ ತಂದು ಕೊಯ್ಯುತ್ತೇನೆ ಎಂದೆ. ಬೇಡ ಎಂದಳು. ಪೆಟ್ಟಿಗೆಯೊಳಗೆ ಹೋದರೆ ಯಾರಿಗೂ ಕಾಣುವುದಿಲ್ಲ ಎಂದಳು. ಕಾಣದಿರುವುದೇ ಅವಳಿಗೆ ಬೇಕಾಗಿತ್ತು.

ಆಮೇಲೆ ಏಪ್ರಿಲಿನಲ್ಲಿ ಎರಡು ವಾರ ಕೈ ಸ್ವಲ್ಪ ಸರಿಹೋಯಿತು. ಎರಡನೆಯ ಪೆಟ್ಟಿಗೆಯ ಹಲಗೆಗಳನ್ನು ಆಗ ಅವಳೇ ಕೊಯ್ದಳು. ಅವುಗಳಲ್ಲಿ ಓರೆ ಇಲ್ಲ ಎಂದು ನಿಮಗೆ ಗೊತ್ತಾಗಿರಬೇಕು.

ಇನ್ನು ನೀವು ಕೇಳದೆ ಇದ್ದುದನ್ನು ಹೇಳುತ್ತೇನೆ. ಮೂರು ವಾರವಲ್ಲ ಮಾಮ. ಅವಳಿಗೆ ಜನವರಿಯಿಂದ ಗೊತ್ತಿತ್ತು. ನನಗೂ ಜನವರಿಯಿಂದ. ಐದು ತಿಂಗಳು. ಇಬ್ಬರು ವೈದ್ಯರಿಗೆ ತೋರಿಸಿದೆವು. ಇಬ್ಬರೂ ಒಂದೇ ಮಾತು ಹೇಳಿದರು, ನೋವಿಗೆ ಔಷಧವಿದೆ, ಕಾಯಿಲೆಗಿಲ್ಲ. ಎರಡನೆಯವರು ಹಳೆಯ ಚೀಟಿಗಳನ್ನೆಲ್ಲ ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ಓದಿದರು. ನಿಮಗೆ ಹೇಳಿದ್ದರೆ ಅವಳು ಉಳಿಯುತ್ತಿದ್ದಳು ಎಂದಿದ್ದರೆ ಅವಳು ಹಾಕಿಸಿದ್ದ ಆಣೆಯನ್ನು ಗಾಳಿಗೆ ತೂರಿ ನಾನು ಆವತ್ತೇ ಓಡಿ ಬರುತ್ತಿದ್ದೆ. ಇದನ್ನು ನಂಬಿ.

ಆವತ್ತು ಗೇಟಿನ ಬಳಿ ನೀವು 'ಮೂರು ವಾರ ಬಾಯಿ ಮುಚ್ಕೊಂಡಿದ್ಯಾ?' ಎಂದಿರಿ. ಕಂಬಿ ಹಿಡಿದುಕೊಂಡು ನಿಂತಿದ್ದಿರಿ. ಮೂರು ವಾರಕ್ಕೇ ಹಾಗಿದ್ದವರಿಗೆ ಐದು ತಿಂಗಳು ಎಂದು ತಿದ್ದಿ ಹೇಳಲು ನನಗೆ ಧೈರ್ಯ ಬರಲಿಲ್ಲ.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅವಳನ್ನು ಕೇಳಿದ್ದೆ, ಅಪ್ಪನಿಗೆ ಯಾಕೆ ಹೇಳಬಾರದು ಎಂದು. ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದಳು: 'ಹೇಳಿದ್ರೆ ಅಪ್ಪ ನನ್ನನ್ನ ಬಯ್ಯೋದು ನಿಲ್ಲಿಸ್ತಾರೆ ಕಣೇ. ಅಪ್ಪ ಬಯ್ಯದೆ ಇದ್ರೆ ಆ ಅಂಗಡಿ ನಮ್ಮ ಅಂಗಡಿ ಥರಾನೇ ಇರಲ್ಲ. ನಂಗೆ ಅಲ್ಲಿ ಹಾಸಿಗೆ ಬೇಡ, ಕೆಲಸ ಬೇಕು.'

ಅಷ್ಟೇ. ಇನ್ನು ನನ್ನ ಬಳಿ ಮುಚ್ಚಿಟ್ಟದ್ದು ಏನೂ ಇಲ್ಲ.

ನಿಮಗೆ ಈ ಪೆಟ್ಟಿಗೆಯೂ ಬೇಕೆಂದರೆ ಒಂದು ಸಾಲು ಬರೆಯಿರಿ, ಕಳಿಸಿಕೊಡುತ್ತೇನೆ. ಅದು ನಿಮ್ಮ ಅಂಗಡಿಯಲ್ಲಿ ಹುಟ್ಟಿದ್ದು.

ಗುಡುಗು

*

ಏಪ್ರಿಲ್ 30

ಮಾಮ,

ಇದು ಹಾಲ್ ಕೆಲಸದ ಪತ್ರ. ಹಾಲಿನ ಯಜಮಾನರು ನಿನ್ನೆ ಬಂದಿದ್ದರು. 'ಒಂಟಿ ಕಾಲಲ್ಲಿ ಎಷ್ಟು ದಿನ ನಿಲ್ಲಿಸ್ತೀಯಮ್ಮ ಇದನ್ನ? ಕಂಪನಿಯ ಜೋಡಿ ಪೆಟ್ಟಿಗೆ ಬಾಡಿಗೆಗೆ ಬರುತ್ತೆ, ತರಿಸಿಬಿಡೋಣ' ಎಂದರು. ತರಿಸಿದರೆ ಈ ಪೆಟ್ಟಿಗೆ ಕೆಳಗಿಳಿಯುತ್ತದೆ. ಬೇರೆ ಬೇರೆ ಥರದ ಎರಡು ಪೆಟ್ಟಿಗೆ ಜೊತೆಗಿಟ್ಟರೆ ಸದ್ದು ಸರಿಹೋಗುವುದಿಲ್ಲ. ಮೇ ಹದಿನೈದರ ತನಕ ಸಮಯ ಕೇಳಿದ್ದೇನೆ.

ನೀವು ಮಾಡಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ತಿಳಿಸದೆ ಕೆಳಗಿಳಿಸಿದೆ ಎಂದಾಗಬಾರದು, ಅದಕ್ಕೆ. ಇನ್ನು ಮೇಲೆ ನಿಮ್ಮಿಂದ ಏನನ್ನೂ ಬಚ್ಚಿಡುವುದಿಲ್ಲ.

ಗುಡುಗು

*

ಮೇ 6

ಮರಿ,

ನಾನು, ನಿನ್ನ ಅತ್ತೆ. ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ಇವರು ಮರದ ಅಂಗಡಿಗೆ ಹೋಗಿದ್ದಾರೆ, ಬರುವುದರೊಳಗೆ ಮುಗಿಸಬೇಕು.

ನಿನ್ನ ದೊಡ್ಡ ಪತ್ರ ಬಂದ ದಿನ ಇವರು ಅದನ್ನು ಓದಿ ಮಡಚಿ ಊಟದ ತಟ್ಟೆಯ ಪಕ್ಕ ಇಟ್ಟರು. ಊಟ ಮಾಡಿದರು. ಕೈ ತೊಳೆದು ಬಂದು 'ಓದು' ಎಂದರು. ಓದಿದೆ.

'ಐದು ತಿಂಗಳಂತೆ' ಎಂದರು.

ನಾನು ಪತ್ರವನ್ನು ಮೊದಲಿನಂತೆ ಮಡಚಿದೆ.

'ಯಾಕೆ ಸುಮ್ಮನಿದೀಯ?'

'ನಂಗೆ ಅನುಮಾನ ಇತ್ತು ರೀ' ಎಂದೆ. 'ಸಂಕ್ರಮಣ ಅಮಾವಾಸ್ಯೆ ಅಂತೇನೂ ಲೆಕ್ಕ ಇಟ್ಟಿಲ್ಲ, ಆದ್ರೆ ಚಳಿ ಮುಗಿಯೋ ಹೊತ್ತಿಗೇ ಅವಳ ಬಳೆ ಮೊಣಕೈವರೆಗೂ ಹೋಗ್ತಿತ್ತು. ಒಂದಿನ ತಲೆ ಬಾಚಿಕೊಡು ಅಂದ್ಲು. ಹತ್ತು ವರ್ಷದಿಂದ ಬಾಚಿಸಿಕೊಂಡವಳಲ್ಲ. ಕೈ ಎತ್ತೋಕೆ ಆಗ್ತಿರಲಿಲ್ಲ ಅಂತ ನಂಗೆ ಗೊತ್ತಾಯ್ತು.'

'ಕೇಳಲಿಲ್ವಾ?'

'ಕೇಳಿದ್ರೆ ಹೇಳಿಬಿಡ್ತಾಳೆ ಅಂತ ಹೆದರಿಕೆ ಆಯ್ತು.'

ಇವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ನನ್ನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. 'ತಿನ್ನು, ತಣ್ಣಗಾಗ್ತಿದೆ' ಎಂದರು. ನಾನು ತಿಂದು ಮುಗಿಸುವ ತನಕ ಎದುರಿಗೆ ಕೂತಿದ್ದರು. ಅಷ್ಟೇ ನಮ್ಮ ಮಾತು.

ಆಮೇಲೆ ಎಷ್ಟೋ ದಿನ ಅಂಗಡಿಯಲ್ಲಿ ಸದ್ದಿರಲಿಲ್ಲ. ಅದರ ನಂತರದ ನಿನ್ನ ಪತ್ರ ಮೊನ್ನೆ ಬಂತು. ಓದಿದವರು ಅಂಗಿ ಕೂಡ ಬದಲಿಸದೆ ಅಂಗಡಿಗೆ ಹೋದರು. ಅವತ್ತಿನಿಂದ ಕೊಯ್ಯುತ್ತಿದ್ದಾರೆ, ಉಜ್ಜುತ್ತಿದ್ದಾರೆ. ಪತ್ರ ಬರೆಯಿರಿ ಎಂದರೆ ಹೂಂ ಎನ್ನುತ್ತಾರೆ, ಬರೆಯುವುದಿಲ್ಲ. ಅದಕ್ಕೆ ನಾನು ಬರೆದೆ.

ಯಜಮಾನರಿಗೆ ಬಾಡಿಗೆ ಪೆಟ್ಟಿಗೆ ಬೇಡ ಎಂದು ಹೇಳು.

ನೀನು ಸರಿಯಾಗಿ ಊಟ ಮಾಡುತ್ತೀಯಾ? ನಿನಗೆ ಒಬ್ಬಳೇ ಇದ್ದರೆ ಅಡುಗೆ ಮಾಡುವ ಬುದ್ಧಿಯಿಲ್ಲ.

ನಿನ್ನ ಅತ್ತೆ

*

ಮೇ 29

ಗುಡುಗಿಗೆ,

ಮಧ್ಯಾಹ್ನ ಮೂರು ಗಂಟೆ. ಇವತ್ತು ಪೆಟ್ಟಿಗೆಯ ಎಂಟು ಮೂಲೆಗೂ ಕಬ್ಬಿಣದ ಕಾಪು ಹೊಡೆದೆ, ಎರಡು ಪಕ್ಕಕ್ಕೆ ಹಿಡಿಕೆ ಬಿಗಿದೆ. ಕೆಲಸ ಮುಗಿಯಿತು.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಪೆಟ್ಟಿಗೆಯ ಜೊತೆ ಬರುತ್ತದೆ. ಇದರಲ್ಲಿ ಇರುವುದು ನನಗೆ ಬಾಯಲ್ಲಿ ಹೇಳಲು ಬಾರದು, ಅದಕ್ಕೆ ಕೂತು ಬರೆಯುತ್ತಿದ್ದೇನೆ.

ಮೊದಲು ಕೆಲಸದ ವಿಷಯ. ಕೊಳವೆಯನ್ನು ಇಪ್ಪತ್ತೊಂದೂಕಾಲಿಗೆ ನೆಟ್ಟಗೆ ಕೊಯ್ದಿದ್ದೇನೆ. ನಿನ್ನದರ ಹಾಗೆ ಓರೆಯಾಗಿ ಕೊಯ್ಯಬೇಕೆಂದು ಎರಡು ದಿನ ಅನಿಸಿತ್ತು. ಆದರೆ ಅವಳು ಎಳೆದ ಗೆರೆ ನೆಟ್ಟಗಿತ್ತು ಎಂದು ನೀನೇ ಬರೆದಿದ್ದೀಯ. ನಾನು ಆ ಗೆರೆಯ ಮೇಲೆ ಕೊಯ್ದೆ.

ಸಂದುಗಳಲ್ಲಿ ಗಾಳಿ ಸೋರಬಾರದು ಎಂಬುದು ನನಗೆ ಕಷ್ಟವಾಯಿತು. ನಲವತ್ತು ವರ್ಷ ನಾನು ಕಪಾಟು ಮಾಡಿದ್ದು ಗಾಳಿಯಾಡಲೆಂದು. ಹಿಂದಿನ ಹಲಗೆಯಲ್ಲಿ ಸಂದು ಬಿಡುವುದು ಕೈಗೆ ಅಂಟಿಹೋಗಿದೆ. ಇದರಲ್ಲಿಯೂ ಗೊತ್ತಿಲ್ಲದೆ ಬಿಟ್ಟಿದ್ದೆ. ಒಳಗೆ ದೀಪವಿಟ್ಟು, ಬಾಗಿಲು ಕಿಟಕಿ ಮುಚ್ಚಿ ನೋಡಿದೆ. ಹಿಂದೆ ಕೆಳಮೂಲೆಯಲ್ಲಿ ದಾರದಷ್ಟು ಬೆಳಕು ಬಂತು. ಬಿಚ್ಚಿ, ಅಂಟು ಕೆರೆದು, ಮತ್ತೆ ಕೂಡಿಸಿದೆ. ಮೂರು ದಿನ ಹೋಯಿತು. ಈಗ ಬೆಳಕು ಬರುವುದಿಲ್ಲ.

ಇನ್ನು ಉಳಿದ ವಿಷಯ.

ನೀನು ಮಾಡಿದ್ದು ಸರಿ ಎಂದು ನಾನು ಬರೆಯಲಾರೆ. ಪ್ರಯತ್ನಪಟ್ಟೆ, ಲೇಖನಿ ಮುಂದೆ ಹೋಗಲಿಲ್ಲ. ನೀನು ಹೇಳಿದ್ದರೆ ನಾನು ಅಂಗಡಿ ಮುಚ್ಚುತ್ತಿದ್ದೆ. ಅವಳ ಕೈಯಿಂದ ಗರಗಸ ಕಸಿದುಕೊಳ್ಳುತ್ತಿದ್ದೆ. ಹಾಸಿಗೆ ಹಾಸಿ ಅವಳನ್ನು ಮಲಗಿಸಿ ಐದು ತಿಂಗಳು ಅವಳ ಮುಖ ನೋಡುತ್ತಾ ಕೂರುತ್ತಿದ್ದೆ. ಅವಳಿಗೆ ಅದು ಬೇಡವಾಗಿತ್ತು, ಗೊತ್ತಾಯಿತು. ನನಗೆ ಬೇಕಾಗಿತ್ತು. ಇವತ್ತಿಗೂ ಬೇಕು. ಈ ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಲು ನನ್ನಿಂದಾಗದು. ಅವಳು ತೂಗಿದಳು, ನೀನು ಒಪ್ಪಿಕೊಂಡೆ.

ಆದರೆ ನಿನ್ನ ಮೇಲಿನ ಸಿಟ್ಟನ್ನು ಹಿಡಿದು ಕೂತರೆ ನಮ್ಮ ಮನೆಯವಳ ಮೇಲೂ ಹಿಡಿಯಬೇಕು. ಅವಳು ಕೂಸಿನ ಸಡಿಲವಾದ ಬಳೆಯಲ್ಲೇ ಕಾಯಿಲೆ ಕಂಡಳು, ಕೇಳಲಿಲ್ಲ. ಆಮೇಲೆ ನನ್ನ ಮೇಲೂ ಹಿಡಿಯಬೇಕು. ದಿನಕ್ಕೆ ಒಂಬತ್ತು ಗಂಟೆ ಒಂದೇ ಮೇಜಿನ ಎರಡು ಕಡೆ ನಾವು ನಿಂತಿದ್ದೆವು. ಅವಳು ಕೊಯ್ದ ಹಲಗೆಯಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ನನ್ನ ಕಣ್ಣಿಗೆ ಬೀಳುತ್ತಿತ್ತು. ಅವಳು ನನ್ನ ಕಣ್ಣಿಗೆ ಬೀಳಲಿಲ್ಲ.

ದಿನಚರಿ ತೆಗೆದು ಆ ಐದು ತಿಂಗಳು ಓದಿದೆ. ಬೇರೆ ಯಾರಿಗೂ ತೋರಿಸಿಲ್ಲ, ನಿನಗೆ ಹೇಳುತ್ತೇನೆ. ಫೆಬ್ರವರಿ ಮೂರು: 'ಶಾಲೆಯ ಬೀರುವಿಗೆಂದು ತಂದ ಪ್ಲೈವುಡ್ ಕೂಸು ಕೊಯ್ದು ಹಾಕಿದ್ದಾಳೆ. ಜಗಳ.' ಫೆಬ್ರವರಿ ಇಪ್ಪತ್ತು: 'ಮತ್ತೆ ಅದೇ ಪೆಟ್ಟಿಗೆ. ಜಗಳ.' ಏಪ್ರಿಲ್ ಒಂಬತ್ತು: 'ಕೂಸು ಮಧ್ಯಾಹ್ನವೇ ಮನೆಗೆ ಹೋದಳು. ಸೋಮಾರಿತನ.' ಆ ಪದವನ್ನು ನಾನು ಬರೆದಿದ್ದೇನೆ. ನನ್ನದೇ ಅಕ್ಷರ.

ಜಗಳದ ಮಾತೆಲ್ಲ ನೆನಪಾಯಿತು. 'ಎಂಥಾ ಪೆಟ್ಟಿಗೆನೇ ಇದು? ಬಾಗಿಲಿಲ್ಲ, ಅರೆಯಿಲ್ಲ, ಏನಿಡ್ತೀಯ ಇದರಲ್ಲಿ?' ಎಂದು ಕೂಗಿದ್ದೆ. 'ಗಾಳಿ ಇಡ್ತೀನಿ ಅಪ್ಪಾ' ಎಂದಳು. 'ಗಾಳಿಗೆ ಇಷ್ಟು ಒಳ್ಳೆ ಪ್ಲೈವುಡ್ಡಾ? ಇದೇನು ನಿಮ್ಮತ್ತೆ ಮನೆಯಿಂದ ಬಂದ ಮರಾನಾ?' ಎಂದೆ. ಅವಳು ಮೇಜು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ನನಗೆ ಅದು ಉದ್ಧಟತನ ಎನಿಸಿ ಇನ್ನೂ ಜೋರಾಗಿ ಬೈದೆ. ನೀನು ಬರೆದ ಬಸ್ಸಿನ ಮಾತು ಓದಿದ ಮೇಲೆ ಆ ನಗು ಯಾಕೆಂದು ತಿಳಿಯಿತು. ಅವಳಿಗೆ ಬೇಕಾದ್ದನ್ನು ನಾನು ಗೊತ್ತಿಲ್ಲದೆ ದಿನಾ ಕೊಟ್ಟಿದ್ದೇನೆ. ಇದರಿಂದ ಸಮಾಧಾನವಾಗಬೇಕು ಎಂದು ನಮ್ಮ ಮನೆಯವಳು ಹೇಳುತ್ತಾಳೆ. ಕೆಲವು ದಿನ ಆಗುತ್ತದೆ.

ಗೇಟಿನ ಬಳಿ ನಾನು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಪೂರ್ತಿ. ನೀನು ನಮ್ಮ ಮನೆಗೆ ಯಾವಾಗ ಬೇಕಾದರೂ ಬರಬಹುದು. ಬಂದಾಗ ನನ್ನ ಮುಖ ಗಂಟಿಕ್ಕಿದ್ದರೆ ಅದು ನಿನ್ನ ಮೇಲಲ್ಲ ಎಂದು ತಿಳಿದುಕೋ.

ಕೂಸು ಮೊದಲೇ ತಂದಿಟ್ಟಿದ್ದ ಸ್ಪೀಕರ್ ಕೂರಿಸಿ ನಿನ್ನೆ ಪರೀಕ್ಷೆ ಮಾಡಿದೆವು. ನಮ್ಮ ಬೀದಿಯ ರೇಡಿಯೋ ರಿಪೇರಿಯವನು ಆಂಪ್ಲಿಫೈಯರ್ ತಂದು ತಂತಿ ಜೋಡಿಸಿಕೊಟ್ಟ. ಗಿಟಾರನ್ನು ಅವಳ ಕೋಣೆಯಿಂದ ನಾನೇ ತಂದೆ. ನನಗೆ ನುಡಿಸಲು ಬಾರದು. ಅತಿ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮೀಟಿದೆ. ಮರ ಕೊಯ್ಯುವ ಯಂತ್ರದ ಪಕ್ಕ ನಿಂತು ನಿಂತು ನನಗೆ ಸಣ್ಣ ಸದ್ದುಗಳು ಕೇಳುವುದು ನಿಂತು ಎಷ್ಟೋ ಕಾಲವಾಯಿತು. ಹಕ್ಕಿ ಕೇಳುವುದಿಲ್ಲ, ಬಾಗಿಲ ಗಂಟೆ ಕೇಳುವುದಿಲ್ಲ. ಅವಳ ದನಿಯೂ ಕೊನೆಕೊನೆಗೆ ಅರ್ಧ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆ. ಇದು ಕೇಳಿತು. ಕಿವಿಗಿಂತ ಮೊದಲು ಪಾದಕ್ಕೆ, ಆಮೇಲೆ ಹೊಟ್ಟೆಗೆ. ಮೊಳೆಯ ತಟ್ಟೆಯಲ್ಲಿ ಮೊಳೆಗಳು ಒಂದು ಕಡೆ ಸರಿದವು.

ನಮ್ಮ ಮನೆಯವಳು ಒಂದು ವರ್ಷದಿಂದ ಅಂಗಡಿಯೊಳಗೆ ಕಾಲಿಟ್ಟಿರಲಿಲ್ಲ. ಒದ್ದೆ ಕೈಯಲ್ಲೇ ಓಡಿ ಬಂದಳು.

'ಏನ್ರೀ ಅದು?'

'ಮುಗೀತು' ಎಂದೆ.

ಅವಳು ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. 'ಇನ್ನೊಂದ್ಸಲ ಮಾಡಿ' ಎಂದಳು.

ಮಾಡಿದೆ. ಕೈ ತೆಗೆಯಲಿಲ್ಲ. ಮತ್ತೆ ಮಾಡಿದೆ. ರೇಡಿಯೋ ರಿಪೇರಿಯವನು ಹೊರಗೆ ಹೋಗಿ ನಿಂತುಕೊಂಡ.

ಹಾಲಿನಲ್ಲಿ ನುಡಿಸುವಾಗ ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಡ. ವೇದಿಕೆಯ ಮೇಲೆ ನನ್ನ ಹೆಸರನ್ನೂ ಹೇಳಿಸಬೇಡ. ಯಾರು ಮಾಡಿದ್ದು ಎಂದು ಯಾರಾದರೂ ಕೇಳಿದರೆ ಒಂದು ಅಂಗಡಿಯಲ್ಲಿ ಮಾಡಿದ್ದು ಎಂದರೆ ಸಾಕು. ಗಿಟಾರನ್ನೂ ಕಳಿಸುತ್ತಿದ್ದೇನೆ, ಗೋಡೆಗೆ ನೇತುಹಾಕುವುದಕ್ಕಲ್ಲ. ಬಾರಿಸಲು ಬರುವವರ ಕೈಗೆ ಕೊಡು.

ಸೋಫಾ ಅಂಗಡಿಯವರ ಲಾರಿ ನಾಳೆ ಬೆಳಿಗ್ಗೆ ಏಳಕ್ಕೆ ನಿಮ್ಮ ಕಡೆಗೆ ಹೊರಡುತ್ತದೆ. ಡ್ರೈವರ್ ಪಕ್ಕ ಇಬ್ಬರು ಕೂರಬಹುದಂತೆ.

ಇಂತಿ,
ನಿನ್ನ ಮಾಮ